ಹಿಡಿ, ಹೋಲ್ಡ್, ಪೆಗಾಂಗ್

ಆನೆಗೊಂದಿಯ ಬಾಳೆನಾರಿನ ಶೆಡ್ಡಿನಲ್ಲಿ ಉಡಚಮ್ಮನಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಹಿಟ್ನಾಳದಿಂದ ಮದುವೆಯಾಗಿ ಬಂದವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅರ್ಧ ಆಯುಷ್ಯ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದವಳು. ಸೊಂಟ ಇನ್ನು ಬಗ್ಗಲಾರೆ ಎಂದು ಹಟಕ್ಕೆ ಬಿದ್ದ ಮೇಲೆ ನಾರು ಹೆಣೆಯಲು ಬಂದು ಕೂತಳು.

ಪರವೂರಿನಿಂದ ಬಂದವರಿಗೆ ಹೆಣಿಗೆ ಕಲಿಸುತ್ತಿದ್ದ ಲಲಿತಾ ಮದುವೆಯಾಗಿ ಕುಷ್ಟಗಿಗೆ ಹೋದಳು. ಆ ಜಾಗದ ಮೇಲೆ ಉಡಚಮ್ಮನ ಕಣ್ಣು. ಹೆಣೆಯಲು ಜನ ಹೆಚ್ಚಾಗಿದ್ದರು; ಅದು ಸಿಗದಿದ್ದರೆ ಬಾಳೆ ದಿಂಡು ಸೀಳುವ ಕಡೆ ಹೋಗಬೇಕು, ಅಲ್ಲಿ ಮತ್ತೆ ದಿನವಿಡೀ ಬಗ್ಗುವ ಕೆಲಸ.

ಶೆಡ್ಡು ನೋಡಿಕೊಳ್ಳುವ ಸಹನಾ ಮಾತು ಬಿಡಿಸಿಯೇ ಹೇಳಿದಳು: "ದೊಡ್ಡವ್ವ, ಇಂಡೋನೇಷ್ಯಾದಿಂದ ಒಬ್ಬಾಕಿ ಬರ್ತಾರ. ಶನಿವಾರ ಸಂಜೀಕ ಅವರ ಕೈಯಾಗ ಅವರೇ ಹೆಣೆದ ಬುಟ್ಟಿ ಇರಬೇಕು. ಇತ್ತಂದ್ರ ಕಲಿಸೋ ಕೆಲಸ ನಿಮ್ದು."

"ಆಕಿಗೆ ಕನ್ನಡ ಬರ್ತೈತೇನವಾ?"

"ಇಲ್ರಿ. ಅವರ ಮಾತು, ಮ್ಯಾಲೆ ಒಂದೀಟು ಇಂಗ್ಲಿಷ್."

"ನನಗ ಆ ಒಂದೀಟೂ ಇಲ್ಲಲ್ಲ."

ಪಕ್ಕದಲ್ಲಿ ಬುಟ್ಟಿ ಹೊಲಿಯುತ್ತಿದ್ದ ಇಮಾಮಬೀ ತಲೆ ಎತ್ತಲಿಲ್ಲ. "ಚಿಂತಿ ಬ್ಯಾಡ ಉಡಚಿ. ನೀ ಮಾತಾಡೋದು ನಮಗೂ ಪೂರಾ ತಿಳಿಯಂಗಿಲ್ಲ, ಆದ್ರೂ ಇಷ್ಟು ವರ್ಷ ನಡದೈತಿ."

ಬಂದಾಕೆಯ ಹೆಸರು ವುಲಾನ್. ತನ್ನೂರಲ್ಲೂ ಬಾಳೆ ಬಹಳ, ಕಲಿತು ಹೋಗಿ ಅಲ್ಲಿನ ಹೆಂಗಸರಿಗೆ ಕಲಿಸಬೇಕೆಂದು ಬಂದವಳು. ತೆಳ್ಳಗೆ, ನಗುಮುಖ, ಚಾಪೆಯ ಮೇಲೆ ಮಂಡಿ ಮಡಚಿ ಮುದ್ದೆಯಾಗಿ ಕೂತಳು. ನಾರಿನ ಮೂರು ಎಳೆ ತೆಗೆದುಕೊಂಡು, ತುದಿಯನ್ನು ಯಾವುದಕ್ಕಾದರೂ ಬಿಗಿಯಾಗಿ ಒತ್ತಿ, ಜಡೆ ಹಾಕಿದ ಹಾಗೆ ಹೆಣೆಯುತ್ತ ಹೋಗಬೇಕು. ಆ ಜಡೆಯನ್ನು ಸುತ್ತಿ ಹೊಲಿದರೆ ಬುಟ್ಟಿ. ಶೆಡ್ಡಿನ ಹೆಂಗಸರೆಲ್ಲ ಆ ತುದಿಯನ್ನು ಕಾಲಿನ ಹೆಬ್ಬೆರಳ ಕೆಳಗೆ ಒತ್ತುತ್ತಾರೆ. ವುಲಾನ್ ಒತ್ತಲಿಲ್ಲ. ಎಳೆ ಜಾರಿತು.

"ಹೋಲ್ಡ್ ಅನ್ರಿ ದೊಡ್ಡವ್ವ," ಎಂದಳು ಸಹನಾ. "ಹೋಲ್ಡ್ ಅಂದ್ರ ಹಿಡಿ."

"ಹೋಲ್ಡ್," ಎಂದಳು ಉಡಚಮ್ಮ.

"ಪೆಗಾಂಗ್," ಎಂದು ವುಲಾನ್ ತನ್ನ ಮಾತಿನಲ್ಲಿ ಹೇಳಿ ಎಳೆಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದಳು. ಆಮೇಲೆ ಮೆಲ್ಲಗೆ, "ಹಿಡಿ."

ಸಿಕ್ಕಿದ್ದು ಒಂದೇ ಮಾತಾದರೂ ಉಡಚಮ್ಮ ಅದನ್ನು ಸುಮ್ಮನೆ ಇಡಲಿಲ್ಲ. ಚಹಾ ಕೊಡುವಾಗ ಹೋಲ್ಡ್. ನದಿ ದಾಟುವ ತೆಪ್ಪದಲ್ಲಿ ಅಂಚು ತೋರಿಸಿ ಪೆಗಾಂಗ್. ಗಂಗಾವತಿ ಬಸ್ಸಿನಲ್ಲಿ ಮೇಲಿನ ಸರಳು ತೋರಿಸಿ ಮತ್ತೆ ಪೆಗಾಂಗ್, ಕಂಡಕ್ಟರನೂ ಗಟ್ಟಿಯಾಗಿ ಹಿಡಿದುಕೊಂಡ. ಮೊಮ್ಮಗನನ್ನು ಒಯ್ದು ವುಲಾನಳ ತೊಡೆಯ ಮೇಲೆ ಕೂರಿಸಿ, "ಹೋಲ್ಡ್, ಚೀರಿದ್ರ ವಾಪಸ್ ಕೊಡು" ಎಂದು ಒಳಗೆ ರೊಟ್ಟಿ ಬಡಿಯಲು ಹೋದಳು. ಕೂಸು ಚೀರಲಿಲ್ಲ.

ಶೆಡ್ಡಿನಲ್ಲಿ ಮಾತ್ರ ವುಲಾನ್ "ಹಿಡಿ" ಎಂದರೆ ಉಡಚಮ್ಮನೇ ಆ ತುದಿ ಹಿಡಿಯುತ್ತಿದ್ದಳು. ಗುರುವಾರ ಹಿಡಿದಳು, ಶುಕ್ರವಾರವೂ ಹಿಡಿದಳು. ಹೆಣಿಗೆ ಅಚ್ಚುಕಟ್ಟಾಗಿ ಉದ್ದಕ್ಕೆ ಬಂತು. ಶುಕ್ರವಾರ ಸಂಜೆ ಸಹನಾ ಬಾಗಿಲಲ್ಲಿ ನಿಂತು ನೋಡಿದಳು.

"ಹೆಣಿಗಿ ಭಾಳ ಛಲೋ ಆಗೈತ್ರಿ. ಊರಿಗೆ ಹೋದ ಮ್ಯಾಲೆ ಅವರಿಗೆ ಯಾರು ಹಿಡೀತಾರ? ನೀವು ಬೆನ್ನ ಹತ್ತಿ ಹೋಗ್ತೀರೇನು?"

"ಆಕಿ ಕಾಲಾಗ ಹಿಡಿಯಂಗಿಲ್ಲವಾ. ಎಷ್ಟು ತೋರಿಸಿದ್ರೂ ತಲಿ ಅಲ್ಲಾಡಿಸ್ತಾಳ."

"ನೀವು ಹಿಡಿದಿದ್ದು ಅವರ ಬುಟ್ಟಿ ಆಗಂಗಿಲ್ಲ. ಬಿಚ್ಚಿ ಹೊಸಾದ್ದು ಶುರು ಮಾಡ್ರಿ."

ಶನಿವಾರ ಬೆಳಗ್ಗೆ ಉಡಚಮ್ಮ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಎದುರಿಗೆ ಕೂತಳು. ಎಳೆ ಜಾರಿತು. "ಹಿಡಿ, ಅವ್ವಾ," ಎಂದಳು ವುಲಾನ್. ಉಡಚಮ್ಮ ಅಲುಗಲಿಲ್ಲ. ಮತ್ತೆ ಜಾರಿತು. ವುಲಾನಳ ಮುಖ ಬಾಡಿತು. ನಾನೇನು ತಪ್ಪು ಮಾಡಿದೆ ಎನ್ನುವ ನೋಟ.

"ಕೈ ಕಟ್ಟಿಹಾಕ್ಲೇನು?" ಎಂದಳು ಇಮಾಮಬೀ. "ತೊಡಿ ಕೆಳಗ ಕುಣಿಯಾಕ ಹತ್ಯಾವ ನೋಡು."

ಉಡಚಮ್ಮನಿಗೆ ಕೂತಿರಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದಳು. ಹೂಜಿಯಿಂದ ನೀರು ಬಗ್ಗಿಸುತ್ತ ಕಿಟಕಿಯಲ್ಲಿ ನೋಡಿದರೆ, ವುಲಾನ್ ಕಾಲು ನೀಡಿ, ಹೆಬ್ಬೆರಳಡಿ ತುದಿ ಒತ್ತಿ, ಸರಸರ ಹೆಣೆಯುತ್ತಿದ್ದಾಳೆ. ಉಡಚಮ್ಮ ಒಳಗೆ ಬಂದಳೋ ಇಲ್ಲವೋ, ಕಾಲು ಗಪ್ಪನೆ ಮಡಚಿಕೊಂಡಿತು. ಎಳೆ ಬಿಚ್ಚಿತು.

ತಾನು ಹೊಸ ಸೊಸೆಯಾಗಿ ಬಂದಾಗ ಅತ್ತೆಯ ಎದುರಿಗೆ ಇದೇ ಕಾಲು ಹೀಗೇ ಮಡಚುತ್ತಿತ್ತು. ಉಡಚಮ್ಮ ನಕ್ಕುಬಿಟ್ಟಳು.

"ಏ ಇಮಾಮಬೀ, ಈಕಿ ನನಗ ಮರ್ಯಾದಿ ಕೊಡಾಕ ಹತ್ಯಾಳ. ಹಿರೇರ ಮುಂದ ಕಾಲು ಚಾಚಬಾರದಂತ ಕುಂತಾಳ."

"ಈ ಊರಾಗ ನಿನಗ ಮರ್ಯಾದಿ ಕೊಟ್ಟಾಕಿ ಈಕಿ ಒಬ್ಬಾಕೇ. ಅದಕ್ಕ ನಿನಗ ಗುರುತು ಸಿಕ್ಕಿಲ್ಲ."

ಕಾಲು ಚಾಚು, ನನಗೆ ಬೇಸರವಿಲ್ಲ ಎಂದು ಹೇಳಲು ಉಡಚಮ್ಮನ ಬಳಿ ಮಾತಿರಲಿಲ್ಲ. ಆಕೆ ವುಲಾನಳ ಕಾಲಿನ ಹೆಬ್ಬೆರಳನ್ನು ಮುಟ್ಟಿ "ಹೋಲ್ಡ್" ಎಂದಳು. ಆಮೇಲೆ ತಾನೇ ತಿರುಗಿ, ಗೋಡೆಗೆ ಮುಖ ಮಾಡಿ, ಬೆನ್ನು ಕೊಟ್ಟು ಕೂತಳು.

ಹಿಂದೆ ಚಾಪೆ ಸರಿದ ಸದ್ದು. ಒದ್ದೆ ನಾರು ಒಂದರ ಮೇಲೊಂದು ಬೀಳುವ ಸದ್ದು. ಎಳೆ ಸಡಿಲವಾದರೆ ಅದರ ದನಿ ಬೇರೆ, ಬಿಗಿಯಾದರೆ ಬೇರೆ. ಒಮ್ಮೆ ಸಡಿಲವಾಯಿತು. ಉಡಚಮ್ಮನ ಕುತ್ತಿಗೆ ಅರ್ಧ ತಿರುಗಿತು.

"ಗೋಡಿ ನೋಡು," ಎಂದಳು ಇಮಾಮಬೀ.

ಎಳೆ ಬಿಗಿಯಾಯಿತು.

ಸಂಜೆಗೆ ಬುಟ್ಟಿಯಾಯಿತು. ಒಂದು ಕಡೆ ಕೊಂಚ ವಾಲಿತ್ತು. ಸಹನಾ ಅದನ್ನು ಎತ್ತಿ, ಹೊಲಿಗೆ ಎಳೆದು ನೋಡಿ, "ನೀವು ಕೈ ಹಚ್ಚಿಲ್ಲೇನು ದೊಡ್ಡವ್ವ?" ಎಂದಳು.

"ಬೆನ್ನಿಲೆ ಹೆಂಗ ಹಚ್ಚತಾಳ?" ಎಂದು ಇಮಾಮಬೀ ಸಾಕ್ಷಿ ನುಡಿದಳು. "ಮುಂಜಾನಿಂದ ಆ ಗೋಡಿ ಬಿಟ್ಟು ಬ್ಯಾರೆ ಏನೂ ನೋಡಿಲ್ಲ."

ಸಹನಾ ಬುಟ್ಟಿಯನ್ನು ವುಲಾನಳ ಕೈಗೆ ಕೊಟ್ಟಳು. "ಸೋಮವಾರ ಕೊಪ್ಪಳದಿಂದ ಕಾಲೇಜಿನ ಹುಡುಗ್ಯಾರು ಬರ್ತಾರ. ಕಲಿಸಾಕ ತಯಾರಾಗ್ರಿ ದೊಡ್ಡವ್ವ."

ಉಡಚಮ್ಮ ಸೆರಗು ಸರಿಮಾಡಿಕೊಂಡಳು. "ಅವರು ಕನ್ನಡದವರೇ ಹೌದಲ್ಲ?"

"ಹೌದ್ರಿ."

"ಹಂಗಾದ್ರ ಮುಖಾ ನೋಡಿ ಕಲಿಸ್ತೀನಿ. ಬಾಯಿ ಮುಚ್ಚಿ ಮುಚ್ಚಿ ಸಾಕಾಗೈತಿ."