ಲಾಮಾಗಳಿಗೆ ಬೇಲಿ ಕಟ್ಟಿದ ಭಾನುವಾರ

ಡಾಟ್‌ಕಾಮ್ ಭರಾಟೆಯ ದಿನಗಳು. ಪರಿಚಯದವರೆಲ್ಲ ಮಕ್ಕಳ ಸ್ಕೂಲಿಗೆಂದು ಕ್ಯುಪರ್ಟಿನೋದಲ್ಲಿ ಮನೆ ಹುಡುಕುತ್ತಿದ್ದರೆ, ನಾನೂ ನನ್ನ ಗಂಡನೂ ಲಿವರ್‌ಮೋರ್‌ನ ಆಚೆ ಪುಟ್ಟದೊಂದು ತೋಟ ಕೊಂಡು ನಗೆಪಾಟಲಾಗಿದ್ದೆವು. ಅದು ಸಾಲದೆಂಬಂತೆ ನಾನು ಎರಡು ಲಾಮಾಗಳನ್ನು ತರಿಸಿದೆ. ಮಂಡ್ಯದಲ್ಲಿ ದನಗಳ ನಡುವೆ ಬೆಳೆದ ನನಗೆ ಪ್ರಾಣಿಗಳಿಲ್ಲದ ಮನೆ ಮನೆಯೇ ಅಲ್ಲ. ಒಂಟೆಯ ದಾಯಾದಿಗಳಂತಿದ್ದ ಅವು ಕತ್ತು ಚಾಚಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದೇ ತಡ, ನಾನು ಸೋತುಹೋದೆ.

ಮಾರಿದಾಕೆ ಬಲು ಖಡಕ್ ಹೆಂಗಸು. ಅವನ್ನು ನಮ್ಮ ಶೆಡ್ಡಿನಲ್ಲಿ ಬಿಟ್ಟು, "ಭಾನುವಾರ ಸಂಜೆ ಬರುತ್ತೇನೆ. ಬೇಲಿ ಗಟ್ಟಿಯಿಲ್ಲದಿದ್ದರೆ ವಾಪಸ್ ಕರೆದೊಯ್ಯುತ್ತೇನೆ" ಎಂದು ಹೇಳಿ ಹೋದಳು.

ಗಂಡ ಆಫೀಸಿಗೆ ರಜೆ ಹಾಕಿ, ಕಂಬ ನೆಟ್ಟು ತಂತಿಬಲೆ ಹೊಡೆದು ಬೇಲಿ ಕಟ್ಟಿದರು. ಭಾನುವಾರ ಬೆಳಿಗ್ಗೆ ಹೆಮ್ಮೆಯಿಂದ ಕರೆದು ತೋರಿಸಿದರು. ರಸ್ತೆಯಿಂದ ನೋಡಲು ಬಹಳ ಚೆಂದವಿತ್ತು. ನಾನು ಬೇಲಿಯೊಳಗೆ ಹೋಗಿ ಬೆನ್ನು ಕೊಟ್ಟು ಬಲೆಯನ್ನು ತಳ್ಳಿದೆ. ಟಪಟಪನೆ ಮೊಳೆಗಳು ಕಿತ್ತುಬಂದು, ಬಲೆಯ ಸಮೇತ ಆಚೆ ಬಿದ್ದೆ.

"ರೀ, ಬಲೇನ ಕಂಬದ ಹೊರಗಡೆ ಯಾಕ್ರೀ ಹೊಡ್ದಿದೀರ?"

"ರೋಡಿಂದ ನೀಟಾಗ್ ಕಾಣ್ಲಿ ಅಂತ ಕಣೇ. ಊರಲ್ಲಿ ಕಾಂಪೌಂಡಿಗೆ ಬಣ್ಣ ಹೊಡ್ಸೋದೂ ರೋಡ್ ಕಡೆಗೇ ಅಲ್ವಾ?"

"ಇವು ರೋಡಿಂದ ತಳ್ಳಲ್ಲ, ಒಳಗಿಂದ ತಳ್ತವೆ! ಬಲೆ ಒಳಗಡೆ ಇದ್ರೆ ತಳ್ಳಿದಷ್ಟೂ ಕಂಬಕ್ಕೇ ಒತ್ಕೊಳುತ್ತೆ."

ನನ್ನ ಕೋಪ ನೆತ್ತಿಗೇರಿತ್ತು. ಸುತ್ತಿಗೆ ಕಸಿದುಕೊಂಡು ನಾನೇ ಉಳಿದ ಮೊಳೆಗಳನ್ನು ಕೀಳತೊಡಗಿದೆ. ಮೀಟಿಂಗುಗಳಲ್ಲಿ ಯಾರಿಗೂ ಬಗ್ಗದ ಮಹಾನುಭಾವರು ಗೊಣಗುತ್ತಲೇ ಬಲೆಯ ಇನ್ನೊಂದು ತುದಿ ಹಿಡಿದರು. ನಿಂತಲ್ಲೇ ಮೊಸರನ್ನ ತಿಂದು, ಸಂಜೆಯೊಳಗೆ ಇಡೀ ಬಲೆಯನ್ನು ಒಳಬದಿಗೆ ತಿರುಗಿಸಿ ಹೊಡೆದೆವು. ಅಂಗೈ ತುಂಬ ಬೊಕ್ಕೆ.

ಆಕೆ ಟ್ರೇಲರ್ ಸಮೇತವೇ ಬಂದಳು. ಲಾಮಾಗಳನ್ನು ಬೇಲಿಯೊಳಗೆ ಬಿಟ್ಟು, ತಾನು ಹೊರಗೆ ನಿಂತು ಕಾಳಿನ ಬಕೆಟ್ಟನ್ನು ಗಲಗಲ ಅಲ್ಲಾಡಿಸಿದಳು. ಎರಡೂ ಓಡಿಬಂದು ಎದೆಯೊಡ್ಡಿ ನೂಕಿದವು. ಬಲೆ ಕಿರ್ರೆಂದು ಕಂಬಗಳಿಗೆ ಒತ್ತಿಕೊಂಡಿತು. ಮತ್ತೆ ನೂಕಿದವು. ಒಂದು ಮೊಳೆಯೂ ಅಲುಗಲಿಲ್ಲ.

ಆಕೆ ಕಂಬವನ್ನೊಮ್ಮೆ ತಟ್ಟಿ ನೋಡಿ, ಬಕೆಟ್ಟನ್ನು ನನ್ನ ಕೈಗಿತ್ತಳು.

"ಇನ್ನು ಇವಕ್ಕೆ ನೀನೇ ತಿನ್ನಿಸು."

ಆಕೆ ಗೇಟು ದಾಟುವವರೆಗೂ ನನಗೆ ತಡೆಯಲಾಗಲಿಲ್ಲ. ಬಕೆಟ್ಟು ಹಿಡಿದೇ ಕುಣಿದುಬಿಟ್ಟೆ. ಕಾಳೆಲ್ಲ ಗಂಡನ ತಲೆಯ ಮೇಲೆ ಚೆಲ್ಲಿತು. ಲಾಮಾಗಳು ಬೇಲಿಯ ಮೇಲಿಂದ ಕತ್ತು ಚಾಚಿ ಅದನ್ನು ಅಲ್ಲಿಂದಲೇ ತಿನ್ನತೊಡಗಿದವು.