ಅತ್ತೆ ಹುಟ್ಟಿಸಿದ ರಿವಾಜು

ಅಡಕೊತ್ತು ಕಟ್ಟೆಂದಿತು, ನನ್ನ ಕೈಯಲ್ಲೇ. ಎದುರು ಕೂತ ಹೆಣ್ಣುಮಗಳು "ಆರಾಮ ಇದ್ದೀರೇನ್ರಿ ಕಾಕಿ?" ಎಂದು ಕೇಳಿ ಐದು ನಿಮಿಷವಾಗಿದೆ. ಮುಖ ಗೊತ್ತು, ಹೆಸರು ಮಾತ್ರ ಬರಲೊಲ್ಲದು. ಅಡಿಕೆ ಕತ್ತರಿಸುತ್ತ ಸುಮ್ಮನೆ ನಗುತ್ತಿದ್ದೇನೆ. ಈ ನಗು ನನ್ನದಲ್ಲ ನೋಡಿ, ನಮ್ಮ ಅತ್ತೆಯದು.

ಆಗ ನಮ್ಮ ಜಿಲ್ಲೆ ಹೈದರಾಬಾದು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹದಿನೈದು ವರ್ಷವಾಗಿದ್ದಿರಬೇಕು. ಹುಮನಾಬಾದಿನಲ್ಲಿ ಹೆಣ್ಣು-ಗಂಡು ನೋಡುವವರು ಮೊದಲು ನಮ್ಮ ಅತ್ತೆಯನ್ನು ಕೇಳುತ್ತಿದ್ದರು. ಬಸವಕಲ್ಯಾಣದಿಂದ ಕೊಡಂಬಲದವರೆಗಿನ ಮನೆತನಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು. ವಯಸ್ಸು ಎಪ್ಪತ್ತು ದಾಟಿತು. ನಾಲಿಗೆ ಹಾಗೇ ಉಳಿಯಿತು, ಹೆಸರುಗಳು ಜಾರತೊಡಗಿದವು. ಎದುರು ಮನೆಯಲ್ಲಿದ್ದ ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, "ಅಕ್ಕಗ ಅರಳುಮರಳು ಆಗ್ಯಾದ, ಇನ್ನ ಆಕೀನ ಏನ್ ಕೇಳ್ತೀರಿ?" ಎನ್ನಲು ಕಾದಿದ್ದಳು. ಯಾರೂ ಕೇಳದ ಅತ್ತೆಯನ್ನು ನೆನೆದರೆ ನನಗೂ ಹೆದರಿಕೆ. ಬೈಸಿಕೊಳ್ಳಲು ಆಮೇಲೆ ನಾನೊಬ್ಬಳೇ ಉಳಿಯುತ್ತಿದ್ದೆ.

ಒಂದು ಮಧ್ಯಾಹ್ನ ಕೊಡಂಬಲದವನೊಬ್ಬ ಮಗನಿಗೆ ಕಲ್ಯಾಣದ ಹುಡುಗಿ ಆದೀತೇ ಎಂದು ಕೇಳಲು ಬಂದ. ಹೆಪ್ಪಿಗೆ ಮಜ್ಜಿಗೆ ಕೇಳುವ ನೆವದಲ್ಲಿ ನೆಗೆಣ್ಣಿಯೂ ಬಂದು ಬಾಗಿಲಲ್ಲಿ ನಿಂತಳು.

"ನನ್ನ ಗುರ್ತಾ ಹಿಡದ್ರೇನ್ರಿ ಆಯಿ?" ಎಂದ ಅವನು.

ಅತ್ತೆ ಸುಮ್ಮನೆ ನಕ್ಕರು. ಅಡಕೊತ್ತು ನಿಂತಿತು. ಮತ್ತೆ ಆಡಿತು. ಅಡಿಕೆ ಪುಡಿಪುಡಿಯಾಯಿತು.

"ಗುರ್ತಾ ಆಮ್ಯಾಲ. ಮದುವಿ ಮಾತಿಗಿ ಬಂದಾವ ಮೊದಲ ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ತಾನೇ ಹೇಳಬೇಕು. ಇದು ನಮ್ಮ ಮನಿ ರಿವಾಜ!"

ಆ ಮನೆಯಲ್ಲಿ ಒಂಬತ್ತು ವರ್ಷ ಬಾಳಿದ್ದ ನಾನು ಆ ರಿವಾಜನ್ನು ಕೇಳಿದ್ದು ಅದೇ ಮೊದಲು. ಪಾಪ, ಅವನು ಎದ್ದು ನಿಂತು ಟೋಪಿ ಸರಿಮಾಡಿಕೊಂಡು ಪಾಠ ಒಪ್ಪಿಸಿದ. ಅಜ್ಜನ ಹೆಸರು ಕಿವಿಗೆ ಬಿದ್ದದ್ದೇ ತಡ, ಅತ್ತೆಗೆ ಆ ಅಜ್ಜನ ಗೊರಕೆ, ಅಜ್ಜಿಯ ಮುನಿಸು, ಅವರ ಮನೆಯ ಒದೆಯುವ ಎಮ್ಮೆ ಎಲ್ಲ ನೆನಪಾದವು. ನೆಗೆಣ್ಣಿ ಮಜ್ಜಿಗೆ ಮರೆತು ಮನೆಗೆ ಹೋದಳು.

"ಈ ರಿವಾಜ ಯಾವಾಗಿಂದ್ರಿ ಅತ್ತಿ?" ಎಂದೆ.

"ನೀ ಸುಮ್ನ ಚಾ ಇಡು."

ಅಲ್ಲಿಂದ ಮುಂದೆ ಬಂದವರೆಲ್ಲ ಹೊಸ್ತಿಲಲ್ಲೇ ಮೂರು ತಲೆಮಾರು ಒಪ್ಪಿಸತೊಡಗಿದರು. ವರ್ಷದೊಳಗೆ ನೆಗೆಣ್ಣಿಯೂ ತನ್ನ ಮನೆಯಲ್ಲಿ ಅದನ್ನೇ ಶುರುಮಾಡಿದಳು! ಮಿದುಳು ಮುದಿಯಾದಾಗ ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕಿಕೊಳ್ಳುತ್ತದೆ ಎಂದು ಡಾಕ್ಟರರು ಈಗ ಹೇಳುತ್ತಾರೆ. ಅತ್ತೆಯ ಮಿದುಳು ಊರಿನವರನ್ನೇ ದುಡಿಸಿಕೊಂಡಿತ್ತು. ಕೊನೆಯವರೆಗೂ ಜನ ಅವರನ್ನು ಕೇಳಿಯೇ ಮದುವೆ ಗೊತ್ತುಮಾಡಿದರು.

ಈಗ ನನ್ನ ಅಡಿಕೆಯೂ ಪುಡಿಯಾಗಿದೆ. ಇನ್ನೇನು ಬಾಯಿ ತೆರೆಯಬೇಕು, ಅಡುಗೆಮನೆಯಿಂದ ಸೊಸೆಯ ದನಿ ಬಂತು: "ಅಕ್ಕಾರ, ಮೊದಲ ನಿಮ್ಮ ಹೆಸರು, ಅಪ್ಪನ ಹೆಸರು ಹೇಳ್ರಿ. ನಮ್ಮ ಮನಿ ರಿವಾಜ ಅದ."

ನನ್ನ ಮರೆವು ಅವಳಿಗೆ ಗೊತ್ತೇ ಇಲ್ಲ ಎಂದುಕೊಂಡಿದ್ದೆ. ನಾಚಿಕೆಯಾಯಿತು, ಕಣ್ಣೂ ತುಂಬಿತು.

"ನೀ ಸುಮ್ನ ಚಾ ಇಡು," ಎಂದು ಗದರಿದೆ.