ಹದಿನೈದನೆಯ ಹೆಸರು

ಅವರ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸಿಪ್ಪೆ ಎದ್ದಿರುತ್ತಿದ್ದವು. ಬ್ಲೀಚಿಂಗ್ ಪೌಡರಿನ ಕೆಲಸ ಅದು. ಯಾರ ಹುಳದ ಮನೆಗೆ ಕಾಲಿಡುವ ಮುಂಚೆಯೂ ಜೇಬಿನಿಂದ ಪೊಟ್ಟಣ ತೆಗೆದು, ಬಕೆಟ್ ನೀರಿಗೆ ಪುಡಿ ಉದುರಿಸಿ, ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು. ರೇಷ್ಮೆಹುಳಕ್ಕೆ ರೋಗ ತಗುಲುವುದೇ ನಮ್ಮ ಕೈಯಿಂದ ಎಂಬುದು ಅವರ ಮೊದಲ ಪಾಠ. "ಕೈ ತೊಳ್ಕೊಳ್ದೆ ಒಳ್ಳೇದ್ ಮಾಡಕ್ಕೋದ್ರೂ ಕೆಟ್ಟದ್ದೇ ಆಗೋದು" ಎನ್ನುತ್ತಿದ್ದರು. ಈಗ ಆ ಮಾತು ನೆನೆದರೆ ನಗು ಬರುತ್ತದೆ. ಒಳ್ಳೆಯ ನಗುವಲ್ಲ.

ರಾಮನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಅವರು ರೇಷ್ಮೆ ಕೃಷಿ ಕಲಿಸುತ್ತಿದ್ದರು. ನಾವು ಕರೆಯುತ್ತಿದ್ದದ್ದು ರೇಷ್ಮೆ ಸಾರ್ ಎಂದು. ಕೋಡಿಹಳ್ಳಿ ಕಡೆಯ ಬೇಸಾಯದ ಮನೆಯವರು. ತರಗತಿಯಲ್ಲಿ ಪುಸ್ತಕದ ಕನ್ನಡ, ಹಳ್ಳಿಯ ಜಗಲಿ ಮೇಲೆ ನಮ್ಮದೇ ಮಾತು. ಪ್ರತಿ ಜೂನ್ ತಿಂಗಳು ಹಳೆಯ ಸ್ಕೂಟರಿನಲ್ಲಿ ಊರೂರು ತಿರುಗಿ, ಪಿಯುಸಿ ಪಾಸಾದ ಮಕ್ಕಳಿರುವ ಮನೆ ಹುಡುಕುತ್ತಿದ್ದರು. ಎಂಥ ಕಾಳಜಿ ಎಂದು ಜನ ಹೊಗಳುತ್ತಿದ್ದರು. ಹದಿನೈದು ಹೆಸರು ಸೇರದಿದ್ದರೆ ಅವರ ವಿಷಯವನ್ನೇ ಮುಚ್ಚಿ, ಅವರನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕೂರಿನ ನಮ್ಮ ಮನೆಗೆ ಅವರು ಬಂದಾಗ ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವುದೆಂದು ಅರ್ಜಿ ತಂದಿಟ್ಟುಕೊಂಡಿದ್ದೆ. ಗಣಿತದಲ್ಲಿ ನನಗೆ ಬಂದಷ್ಟು ಅಂಕ ನಮ್ಮೂರಲ್ಲಿ ಯಾರಿಗೂ ಬಂದಿರಲಿಲ್ಲ. ಬಿಡದಿ ಕಡೆ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಬಸ್ಸಿನ ಕಿಟಕಿಯಿಂದ ಅವನ್ನು ನೋಡಿ ನೋಡಿ ನನ್ನ ಮನಸ್ಸು ಅಲ್ಲೇ ನೆಟ್ಟುಹೋಗಿತ್ತು.

ಸಾರ್ ಕೈ ತೊಳೆದು ಮೊದಲು ಹೋದದ್ದು ನಮ್ಮ ಹುಳದ ಮನೆಗೆ. ಮೂಲೆಯ ತಟ್ಟೆಯೊಂದರ ಮುಂದೆ ನಿಂತು, "ಇದ್ನ ಈಗ್ಲೇ ಆಚ್ಗೆ ಎತ್ತಾಕವ್ವ. ಸುಣ್ಣಕಟ್ಟು ರೋಗ ಬತ್ತಾ ಐತೆ. ನಾಳೀಕೆ ಬುಟ್ರೆ ಮನೆಯೆಲ್ಲ ಹೋಯ್ತದೆ" ಎಂದು ಅವ್ವನಿಗೆ ಹೇಳಿದರು. ಅವ್ವ ಎತ್ತಿ ಹಾಕಿದಳು. ಬೆಳೆ ಉಳಿಯಿತು. ಗೂಡು ಬಿಡಿಸುವ ದಿನ ಸಾರ್ ಮತ್ತೆ ಬಂದರು, ಈ ಸಲ ಅರ್ಜಿ ಹಿಡಿದುಕೊಂಡು. ಆ ಬೆಳೆಗೆ ಬದಲಾಗಿ ನಾನು ಹೋದೆ.

ಅವ್ವ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಹುಳ ಸಾಕಕ್ಕೆ ಕಾಲೇಜ್ಗೆ ಯಾಕೋಗ್ಬೇಕು ಮೇಷ್ಟ್ರೇ? ನಾನೇ ಕಲುಸ್ತೀನಲ್ಲ."

"ಸಾಕಕ್ಕಲ್ಲ ಕಣವ್ವ, ಸಾಕೋರ್ಗೆ ಹೇಳಕ್ಕೆ. ಆಫೀಸರ್ ಆಯ್ತಾಳೆ ನಿನ್ ಮಗ್ಳು. ಫ್ಯಾಕ್ಟ್ರಿ ಇವತ್ತಿರ್ತದೆ, ನಾಳೀಕೆ ಬಾಗ್ಲಾಕ್ತದೆ. ರೇಷ್ಮೆ ಇರೋಗಂಟ ಕೆಲ್ಸ ಐತೆ."

ನಾನು ಎಲೆಕ್ಟ್ರಾನಿಕ್ಸ್ ಎಂದು ಬಾಯಿ ತೆರೆದೆ. "ಸುಮ್ಕಿರು ಮಗ, ತಿಳ್ದೋರು ಹೇಳ್ತಾವ್ರೆ" ಎಂದ ಅಪ್ಪ. ಸಾರ್ ತಮ್ಮ ಪೆನ್ನಿನ ಮುಚ್ಚಳ ತೆಗೆದು ಅಪ್ಪನ ಕೈಗೆ ಕೊಟ್ಟರು. ರುಜು ಹಾಕುವವರು ಪೆನ್ನು ಹುಡುಕುವಷ್ಟು ಹೊತ್ತನ್ನೂ ಅವರು ಎಂದೂ ಕೊಟ್ಟವರಲ್ಲ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು, ಸುಳ್ಳು ಹೇಳಬಾರದು. ಹುಳದ ಮೈಬಣ್ಣ ಒಸಿ ಮಂಕಾದರೂ ಗುರುತಿಸುವ ಕಣ್ಣು ಕೊಟ್ಟವರು ಅವರೇ. ಎಂ.ಎಸ್ಸಿ.ಯನ್ನೂ ಅದರಲ್ಲೇ ಮಾಡಿದೆ. ಓದು ಮುಗಿಯುವ ಹೊತ್ತಿಗೆ ರೇಷ್ಮೆ ಇಲಾಖೆಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತುಹೋಗಿತ್ತು. ಆಫೀಸರಮ್ಮ ಯಾವಾಗ ಬರ್ತಾಳೆ ಎಂದು ಊರವರು ಅವ್ವನನ್ನು ಛೇಡಿಸುತ್ತಿದ್ದರು.

ಕೊನೆಗೆ ಬಿಡದಿಯ ಕಾರ್ಖಾನೆಯೊಂದಕ್ಕೆ ಜನ ಬೇಕಂತೆ ಎಂದು ಕೇಳಿ ನಾನೂ ಹೋಗಿ ನಿಂತೆ. ಮೇಜಿನ ಹಿಂದೆ ಕೂತವನು ನನ್ನ ಅಂಕಪಟ್ಟಿ ತಿರುವಿ, "ಇಲ್ಲಿ ಹುಳ ಸಾಕಲ್ವಲ್ಲಮ್ಮ" ಎಂದ. ಅಕ್ಕಪಕ್ಕದವರು ನಕ್ಕರು. ಎಲೆಕ್ಟ್ರಾನಿಕ್ಸ್ ಓದಿದವರ ಸಾಲು ಬೇರೆ ಇತ್ತು. ಆ ಸಾಲಿನಲ್ಲಿ ರೇಷ್ಮೆ ಸಾರ್ ಮಗಳು ನಿಂತಿದ್ದಳು. ರಜೆಯಲ್ಲಿ ಅಪ್ಪನಿಗೆ ಕಾಲೇಜಿಗೆ ಊಟ ತರುತ್ತಿದ್ದವಳು, ನನಗೆ ಗುರುತಿತ್ತು. ನಾನು ಪಿಯುಸಿ ಪಾಸಾದ ವರ್ಷವೇ ಅವಳೂ ಪಾಸಾಗಿದ್ದಳು. ಓದಿದ್ದು ಮೈಸೂರಿನಲ್ಲಿ.

ಅಲ್ಲಿಂದ ನೆಟ್ಟಗೆ ಅವರ ಮನೆಗೆ ಹೋದೆ. "ನಿಮ್ ಮಗಳ್ನ ಯಾಕ್ ಸಾರ್ ರೇಷ್ಮೆಗೆ ಹಾಕ್ಲಿಲ್ಲ?" ಎಂದೆ.

ಅವರು ಬೆರಳಿನ ಸಿಪ್ಪೆ ಸುಲಿಯತೊಡಗಿದರು. ಆಮೇಲೆ, "ರೇಷ್ಮೇಲಿ ಕೆಲ್ಸ ಸಿಗಕ್ಕಿಲ್ಲ ಅಂತ ನಂಗೊತ್ತಿತ್ತು ಕಣಮ್ಮ. ಆ ವರ್ಸ ಹದಿನಾಲ್ಕಕ್ಕೆ ನಿಂತೋಗಿತ್ತು" ಎಂದರು.

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಅವರ ಹೆಂಡತಿ ಕಾಫಿ ತಂದರು, ನಾನು ಕುಡಿದೆ. ಆ ಕಾಫಿಯನ್ನು ಯಾಕೆ ಕುಡಿದೆನೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ನಿವೃತ್ತರಾದಾಗ ಆ ಹುದ್ದೆಗೆ ಬೇರೆಯವರನ್ನು ಕಾಯಂ ಆಗಿ ಹಾಕಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ನನ್ನನ್ನು ತೆಗೆದುಕೊಂಡರು. ಪ್ರಾಂಶುಪಾಲರ ಕೋಣೆಗೆ ಹೋಗಿ, "ನನಗಿಂತ ಇವಳ ಕಣ್ಣು ಚುರುಕು" ಎಂದು ಹೇಳಿ ಬಂದವರು ಸಾರ್ ಎಂದು ಆಮೇಲೆ ಗೊತ್ತಾಯಿತು. ಆ ಕೆಲಸವನ್ನು ಒದ್ದು ಬರಬೇಕೆನಿಸಿತು. ಒದ್ದು ಹೋಗುವುದಾದರೂ ಎಲ್ಲಿಗೆ? ಉಳಿದೆ.

ವರ್ಷ ತುಂಬುವುದರೊಳಗೆ ಅವರು ತೀರಿಕೊಂಡರು. ನೋಡಲು ಹೋದಾಗ ನನ್ನ ಕಣ್ಣು ಅವರ ಕೈಯ ಮೇಲೆ ಹೋಯಿತು. ಪೌಡರು ಮುಟ್ಟದೆ ಬೆರಳೆಲ್ಲ ವಾಸಿಯಾಗಿ ನುಣ್ಣಗಿದ್ದವು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರನ್ನು ಪೂರ್ತಿಯಾಗಿ ದ್ವೇಷಿಸಲು ನನಗೆ ಆಗ ಆಗಲಿಲ್ಲ, ಈಗಲೂ ಆಗುತ್ತಿಲ್ಲ.

ಮರು ಜೂನಿನಲ್ಲಿ ಪ್ರಾಂಶುಪಾಲರು ಕರೆದು, "ಹದಿನಾಲ್ಕು ಆಗಿದೆ ಮೇಡಂ. ಇನ್ನೊಂದು ಬರದಿದ್ದರೆ ವಿಷಯ ಮುಚ್ಚುತ್ತೆ, ನಿಮಗೂ ಕೆಲಸ ಇರಲ್ಲ" ಎಂದರು.

ವಿರೂಪಾಕ್ಷಿಪುರದಲ್ಲಿ ಒಂದು ಮನೆ ಇದೆಯೆಂದು ಗೊತ್ತಿತ್ತು. ಹುಳ ಸಾಕುವ ಮನೆ. ಹುಡುಗಿಗೆ ಒಳ್ಳೆಯ ಅಂಕ. ನಾನು ಹೋದಾಗ ಅವಳು ಕಂಪ್ಯೂಟರ್ ಸೈನ್ಸ್‌ನ ಅರ್ಜಿ ತುಂಬುತ್ತಿದ್ದಳು. ಬಾಗಿಲಲ್ಲಿ ಬಕೆಟ್ ತರಿಸಿ, ಪುಡಿ ಉದುರಿಸಿ, ಮೊಣಕೈವರೆಗೆ ಕೈ ತೊಳೆದೆ. ಹುಳ ನೋಡಿ ಬಂದು ಜಗಲಿ ಮೇಲೆ ಕೂತೆ.

"ಹುಳ ಸಾಕಕ್ಕೂ ಕಾಲೇಜಾ ಮೇಡಮ್ಮೋರೆ?" ಎಂದಳು ಅವಳ ತಾಯಿ.

ನನ್ನ ತಂಗಿ ಆಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಳು. ಸೇರಿಸಿದವಳು ನಾನೇ.

"ಸಾಕಕ್ಕಲ್ಲ ಕಣಕ್ಕ, ಸಾಕೋರ್ಗೆ ಹೇಳಕ್ಕೆ" ಎಂದೆ. ಮಿಕ್ಕದ್ದೂ ತಡವರಿಸದೆ ಬಂತು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅವಳ ಅಪ್ಪ ಪೆನ್ನಿಗಾಗಿ ಒಳಗೆ ಹೋಗಲು ಏಳುವಷ್ಟರಲ್ಲಿ, ನನ್ನದರ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ.